ಇಮ್ಯುನಿಟಿ ಜಾಸ್ತಿ ಆದ್ರೆ ಒಳ್ಳೇದಾ?

ಇಂಟರ್ನಲ್ಸ್ ಹತ್ತಿರ ಬಂತು ಅಂದ್ರೆ ನಮ್ಮ ಹಾಸ್ಟೆಲಿನಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ನೆಗಡಿ, ಜ್ವರ. ಜೊತೆಗೆ ಪುಕ್ಕಟೆ ಸಲಹೆ ಬೇರೆ: "ಈ ಪುಡಿ ಕುಡಿ ಮಗಾ, ಇಮ್ಯುನಿಟಿ ಜಾಸ್ತಿ ಆಗುತ್ತೆ." ಹೋದ ಸಲ ನಾವು ಹೀಗೆ ಹೇಳಿದ್ದು ಟೈಪ್ 1 ಡಯಾಬಿಟಿಸ್ ಇರುವ ಗೆಳೆಯನಿಗೆ. "ಇನ್ಸುಲಿನ್ ತಯಾರಿಸೋ ಜೀವಕೋಶಗಳನ್ನ ಹಾಳು ಮಾಡಿದ್ದೇ ನನ್ನ ಇಮ್ಯುನಿಟಿ ಕಣ್ರೋ. ಅದನ್ನ ಇನ್ನೂ ಜಾಸ್ತಿ ಮಾಡ್ಕೊಳ್ಳಾ?" ಅಂದ. ನಾವು ಸುಮ್ಮನಾದೆವು.

ರೋಗಾಣುವಿನ ಮೇಲೆ ದಾಳಿ ಮಾಡುವುದು ಎಷ್ಟು ಮುಖ್ಯವೋ, ನಮ್ಮದೇ ದೇಹವನ್ನು ಸಹಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಈ ಕಾವಲು ಕಾಯುವುದರಲ್ಲಿ ರೆಗ್ಯುಲೇಟರಿ ಟಿ ಕೋಶಗಳದ್ದು ದೊಡ್ಡ ಪಾತ್ರ. ಅವುಗಳ ಜಾಡು ಹಿಡಿದ ಶಿಮೋನ್ ಸಕಾಗುಚಿ, ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಸಿಕ್ಕಿತು.

ಎಂಜಿನಿಯರಿಂಗ್ ಓದುವ ನಮಗೆ ಕುತೂಹಲ ಹುಟ್ಟಿಸುವುದು ಈ ಕೋಶಗಳ ಇಂಧನದ ಲೆಕ್ಕ. ದಾಳಿಗೆ ಹೊರಟ ಟಿ ಕೋಶ, ಆಮ್ಲಜನಕ ಇದ್ದರೂ, ಗ್ಲೂಕೋಸಿನ ಬಹುಪಾಲನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಮಾಡಿ ಹೊರಹಾಕುತ್ತದೆ. ಈ ದಾರಿಯಲ್ಲಿ ಒಂದು ಅಣುವಿಗೆ ಸಿಗುವುದು 2 ಎಟಿಪಿ. ಪೂರ್ತಿ ಉರಿಸಿದ್ದರೆ ಸುಮಾರು 30. ಎಫಿಶಿಯನ್ಸಿಯಲ್ಲಿ ಫೇಲ್! ಆದರೆ ಬೇಗ ಬೇಗ ಒಡೆದು ಸಾವಿರವಾಗಲು ಬೇಕಾದ ಕಚ್ಚಾ ಸಾಮಗ್ರಿ ಸಿಗುವುದು ಹೀಗೆಯೇ. ರೆಗ್ಯುಲೇಟರಿ ಕೋಶಗಳಾದರೋ ಮೈಟೊಕಾಂಡ್ರಿಯಾವನ್ನೇ ಹೆಚ್ಚು ನೆಚ್ಚಿಕೊಂಡಿವೆ, ಕೊಬ್ಬಿನಾಮ್ಲವನ್ನೂ ಉರಿಸಿಕೊಳ್ಳುತ್ತವೆ.

ಕೋಶ ಯಾವ ದಾರಿ ಹಿಡಿಯಬೇಕು ಅನ್ನುವುದರಲ್ಲಿ ಎಂಟಾರ್ ಎಂಬ ಪ್ರೋಟೀನಿನ ಕೈವಾಡ ಇದೆ. ಅದನ್ನು ತಡೆಯುವ ಔಷಧಿ ರಾಪಮೈಸಿನ್. ರಾಪಾ ನುಯಿ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿದ್ದರಿಂದ ಆ ಹೆಸರು. ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ಅದನ್ನು ಕೊಡುತ್ತಾರೆ. ಹಾಗಂತ ಸಹನೆಯೂ ಅತಿಯಾಗಬಾರದು. ಈ ಔಷಧಿ ತಗೊಳ್ಳುವವರಿಗೆ ಸೋಂಕಿನ ಭಯ ಇದ್ದೇ ಇದೆ. ಕ್ಯಾನ್ಸರ್ ಗಡ್ಡೆಗಳೂ ಇದೇ ರೆಗ್ಯುಲೇಟರಿ ಕೋಶಗಳ ಮರೆಯಲ್ಲಿ ಬಚಾವಾಗುತ್ತವೆ.

ಇದನ್ನು ಓದಿ ನಾಳೆಯಿಂದ ಸಕ್ಕರೆ ಬಿಟ್ಟು ತುಪ್ಪ ತಿನ್ನೋಣ ಅಂತ ಹೊರಡಬೇಡಿ. ತಟ್ಟೆಯಲ್ಲಿ ಬಿದ್ದದ್ದು ನೇರವಾಗಿ ಟಿ ಕೋಶದ ತೀರ್ಮಾನ ಆಗುವುದಿಲ್ಲ. ಕಷಾಯ ಕುಡಿಯಬೇಡಿ ಅಂತಲೂ ನಾವು ಹೇಳುತ್ತಿಲ್ಲ. ಗಂಟಲಿಗೆ ಹಿತವಾದರೆ ಧಾರಾಳವಾಗಿ ಕುಡಿಯಿರಿ. ಆದರೆ ಎರಡೂ ಕಡೆ ತೂಗುವ ವ್ಯವಸ್ಥೆಗೆ "ಬೂಸ್ಟ್" ಅನ್ನುವ ಒಂದೇ ಗುಂಡಿ ಇದೆ ಅಂತ ಜಾಹೀರಾತು ಹೇಳಿದಾಗ, ಕಂಟ್ರೋಲ್ ಸಿಸ್ಟಮ್ಸ್ ಓದುವ ನಾವಾದರೂ ನಂಬಬಾರದು. ಮುಂದಿನ ಸಲ ಯಾರಿಗಾದರೂ ಸಲಹೆ ಕೊಡುವ ಮುಂಚೆ, "ನಿಂಗೇನಾಗಿದೆ?" ಅಂತ ಮೊದಲು ಕೇಳೋಣ. ನಾವು ಅವತ್ತು ಕೇಳಿರಲಿಲ್ಲ.