ಕಿಣ್ವದ ಅಂಕಿಗಿಂತ ಮೊದಲು ಸೊಂಟದ ಅಳತೆ

ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವ ಎಸ್‌ಜಿಪಿಟಿ ತುಸು ಏರಿದೊಡನೆ ಕಾಮಾಲೆಯೆಂದು ಹೆದರುವವರಿದ್ದಾರೆ; ಮದ್ಯ ಮುಟ್ಟದವರು ಅದನ್ನು ಕಡೆಗಣಿಸುವುದೂ ಉಂಟು. ಎರಡೂ ಸರಿಯಲ್ಲ. ಈ ಏರಿಕೆ ಅನೇಕ ವೇಳೆ ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿರುವುದರ ಸೂಚನೆ.

ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ಟ್ರೈಗ್ಲಿಸರೈಡ್‌ಗಳ ಹೆಚ್ಚಳ ಹಾಗೂ ಒಳ್ಳೆಯ ಕೊಲೆಸ್ಟರಾಲ್‌ನ ಕೊರತೆ, ಈ ಐದರಲ್ಲಿ ಮೂರು ಕೂಡಿದರೆ ಅದು ‘ಮೆಟಬಾಲಿಕ್ ಸಿಂಡ್ರೋಮ್’. ಮಧುಮೇಹ, ಹೃದ್ರೋಗಗಳಿಗೆ ದಾರಿಯಾಗುವ ಈ ಸ್ಥಿತಿಯೂ ಕೊಬ್ಬಿನ ಯಕೃತ್ತೂ ಬಹುಪಾಲು ಜೊತೆಗೂಡಿಯೇ ಬರುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯು ದೇಶದ ವಯಸ್ಕರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜಿದೆ ಎಂದಿತು.

ಕೇಂದ್ರ ಸರ್ಕಾರ 2021ರಲ್ಲಿಯೇ ಈ ಯಕೃತ್ ರೋಗವನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಆದರೆ ಕಿಣ್ವದ ಪರೀಕ್ಷೆಯೊಂದನ್ನೇ ನೆಚ್ಚುವಂತಿಲ್ಲ. ಕೊಬ್ಬು ತುಂಬಿದ್ದರೂ ಅಂಕಿ ಸಹಜವಾಗಿರಬಹುದು. ಆದ್ದರಿಂದ ಬೆಂಗಳೂರಿನಲ್ಲಾಗಲಿ, ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಲ್ಲಾಗಲಿ ಮೊದಲ ತಪಾಸಣೆಗೆ ಅಳತೆಯ ಟೇಪೇ ಸಾಕು. ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂ.ಮೀ. ಮೀರಿದರೆ ಎಚ್ಚರ ಅಗತ್ಯ. ಆರಂಭದ ಹಂತದಲ್ಲಿ ದೇಹತೂಕ ಶೇ 7ರಿಂದ 10ರಷ್ಟು ಇಳಿದರೆ ಯಕೃತ್ತು ಚೇತರಿಸಿಕೊಳ್ಳಬಲ್ಲದು.

ಮೂವತ್ತು ದಾಟಿದವರ ಸೊಂಟದ ಅಳತೆಯನ್ನು ಆಶಾ ಕಾರ್ಯಕರ್ತೆಯರು ಈಗಾಗಲೇ ನಮೂನೆಯಲ್ಲಿ ಬರೆದುಕೊಳ್ಳಬೇಕಿದೆ. ಅಳತೆ ಮೀರಿದವರು ವೈದ್ಯರವರೆಗೆ ತಲುಪದಿದ್ದರೆ ಆ ನಮೂನೆ ಬರಿಯ ಕಾಗದವಾಗಿಯೇ ಉಳಿದೀತು.