ಮೀನಿಗೆ ನೋವಾಗುತ್ತಾ?

ಊರಿನಲ್ಲಿ ಮಾವಿನಹಣ್ಣು, ಬೇಸಿಗೆ ರಜೆ ಎನ್ನುವ ಮೇ ತಿಂಗಳಲ್ಲಿ ನಮ್ಮ ಉಮೆಯೊದ ಕೆರೆಗಳ ಮಂಜುಗಡ್ಡೆ ಕರಗುತ್ತದೆ. ಬರ್ಚ್ ಮರಗಳು ಇನ್ನೂ ಬೋಳು, ಆದರೆ ರಾತ್ರಿ 9 ಗಂಟೆಗೂ ಬೆಳಕು. ಮಕ್ಕಳ ಸಹಪಾಠಿಗಳ ಮನೆಯಿಂದ ಆಗ ಕರೆ ಬರುತ್ತದೆ: "ಸಂಜೆ ಫ್ಲೈ ಫಿಶಿಂಗ್‌ಗೆ ಹೋಗ್ತಿದ್ದೀವಿ, ಕಳಿಸ್ತೀರಾ?"

ಸಸ್ಯಾಹಾರಿ ಮನೆಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗಿದ ಮಗುವಿಗೆ ಇಲ್ಲಿ ಗಾಳ ಕೊಡುವುದು ಹೇಗೆ? ಬೇಡ ಎಂದರೆ ಗೆಳೆಯರಿಂದ ದೂರವಾಗುತ್ತದೆ. ಕಳಿಸಿ ಅಂತಲೇ ನಾನು ಹೇಳುವುದು. ಆದರೆ ಮೊದಲು ಮಾತಾಡಿ.

ಅಲ್ಲಿ ನೋಡಲು ಬಹಳಷ್ಟಿದೆ. ಮಂಜು ಕರಗಿದ ಮೇಲೆ ದಡದ ಕಡೆಯ ಆಳವಿಲ್ಲದ ನೀರು ಬೇಗ ಬೆಚ್ಚಗಾಗುತ್ತದೆ. ಸೊಳ್ಳೆಯಂತೆ ಕಂಡರೂ ಕಚ್ಚದ ಪುಟ್ಟ ಕೀಟಗಳು ಕೆಸರಿನಿಂದ ಮೇಲೆದ್ದು ನೀರಿನ ಮೇಲೆ ರೆಕ್ಕೆ ಬಿಚ್ಚುತ್ತವೆ. ಅವನ್ನು ತಿನ್ನಲು ಮೀನು ಮೇಲೆ ಬಂದಾಗ ನೀರಿನಲ್ಲಿ ಉಂಗುರ ಏಳುತ್ತದೆ. ಕೊಕ್ಕೆಗೆ ದಾರ, ಪುಕ್ಕ ಸುತ್ತಿ ಮಾಡಿದ ಆ ಕೀಟದ ನಕಲೇ 'ಫ್ಲೈ'. ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ದಾರದಲ್ಲಿ, ಹಾಗಾಗಿ ಎಸೆಯುವುದೂ ದಾರವನ್ನೇ. ಅದು ಬಲದಿಂದಲ್ಲ, ಲಯದಿಂದ ಬರುವ ಕೆಲಸ.

ಇನ್ನು ಆ ಪ್ರಶ್ನೆ. ನನ್ನ 8 ವರ್ಷದ ಮಗಳು ಹೊರಡುವ ಮುಂಚೆಯೇ ಕೇಳಿದಳು: "ಅಮ್ಮ, ಮೀನಿಗೆ ನೋವಾಗುತ್ತಾ?" ಇಲ್ಲ ಎಂದು ಸಮಾಧಾನ ಹೇಳಿಬಿಡುವುದು ಸುಲಭ. ಹಾಗೆ ಹೇಳಬೇಡಿ. ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೇನ್‌ಬೋ ಟ್ರೌಟ್ ಮೀನಿನ ತುಟಿ ಮತ್ತು ತಲೆಯ ಭಾಗದಲ್ಲಿ ಗಾಯವನ್ನು ಗ್ರಹಿಸುವ ನರತುದಿಗಳಿರುವುದು ಕಂಡುಬಂತು. ಮೀನು ನಮ್ಮಂತೆಯೇ ನೋವನ್ನು ಅನುಭವಿಸುತ್ತದೆಯೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಇದೆ. ಗಾಯದ ಅರಿವೇ ಇಲ್ಲ ಎನ್ನುವಂತಿಲ್ಲ. ಇಷ್ಟನ್ನೇ ಅವಳಿಗೆ ಹೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊಕ್ಕೆ ಇಲ್ಲದೆ ಎಸೀಬಹುದಾ?" ಅಂದಳು. ಎಸೆಯಬಹುದು. ಇಲ್ಲಿ ಕಲಿಯುವವರು ದಾರದ ತುದಿಗೆ ಉಣ್ಣೆಯ ಚೂರು ಕಟ್ಟಿಯೇ ಅಭ್ಯಾಸ ಮಾಡುತ್ತಾರೆ. ಆ ಸಂಜೆ ಅವಳ ದಾರದ ತುದಿಯಲ್ಲಿ ಕೆಂಪು ಉಣ್ಣೆ ಇತ್ತು. ಗೆಳತಿಯ ಅಪ್ಪ ಒಂದು ಮೀನು ಹಿಡಿದು, ಒದ್ದಾಡಲು ಬಿಡದೆ ಒಂದೇ ಏಟಿಗೆ ಕೊಂದು, ಊಟಕ್ಕೆಂದು ಮನೆಗೆ ಒಯ್ದರು. ಮಗಳು ನೋಡಿದಳು, ಅಳಲಿಲ್ಲ. ಅವರನ್ನು ಕೆಟ್ಟವರು ಎನ್ನಲೂ ಇಲ್ಲ. ನಿಮ್ಮ ಮಗು ಕೊಕ್ಕೆಯನ್ನೇ ಆರಿಸಿಕೊಂಡರೂ ಸರಿ. ಹಿಡಿದ ಮೀನನ್ನು ತಿನ್ನುವುದೋ ಬಿಡುವುದೋ ಎಂದು ಮೊದಲೇ ತೀರ್ಮಾನವಾಗಿರಲಿ.

ಕೆಲವು ಎಚ್ಚರಿಕೆಗಳು. ಮಂಜು ಕರಗಿದ ಹೊಸತರಲ್ಲಿ ನೀರು ಕೊರೆಯುತ್ತಿರುತ್ತದೆ. ಬಿದ್ದರೆ ಈಜು ಬಲ್ಲವರೂ ನಿಮಿಷಗಳಲ್ಲಿ ಕೈಕಾಲು ಸೋಲುತ್ತಾರೆ. ದಡದಲ್ಲೂ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಿ. ದಾರ ಬೀಸುವವರ ಹಿಂದೆ ಯಾರೂ ನಿಲ್ಲಬಾರದು. ಕಣ್ಣಿಗೆ ಕನ್ನಡಕ, ತಲೆಗೆ ಟೋಪಿ ಇರಲಿ. ಸ್ವೀಡನ್ನಿನ ಕರಾವಳಿ ಮತ್ತು ಐದು ದೊಡ್ಡ ಸರೋವರಗಳಲ್ಲಿ ಗಾಳ ಹಾಕಲು ಹಣ ಕೊಡಬೇಕಿಲ್ಲ. ಉಳಿದೆಡೆ ಸಾಮಾನ್ಯವಾಗಿ 'ಫಿಸ್ಕೆಕೂರ್ಟ್' ಎಂಬ ಪರವಾನಗಿ ಬೇಕು. ಮೀನನ್ನು ವಾಪಸ್ ಬಿಡಬಹುದೇ ಎಂಬ ನಿಯಮ ಕೆರೆಯಿಂದ ಕೆರೆಗೆ ಬೇರೆ, ಓದಿಕೊಂಡೇ ಹೋಗಿ.

ನಮ್ಮ ಮನೆಯ ನಂಬಿಕೆಯನ್ನು ಮಕ್ಕಳು ಉಳಿಸಿಕೊಳ್ಳಲಿ ಎಂದು ನಾವೆಲ್ಲ ಬಯಸುತ್ತೇವೆ. ಬೇಡ ಎಂದು ತಡೆದು ಉಳಿಸಿದ್ದಕ್ಕಿಂತ, ನಿಜ ತಿಳಿದು ಅವರೇ ಆರಿಸಿಕೊಂಡದ್ದು ಹೆಚ್ಚು ಕಾಲ ಬಾಳುತ್ತದೆ.