ದುಬೈ ಬ್ಯಾಗಿನಲ್ಲಿ ಗಸಗಸೆ ಬೇಡ

ಕಳೆದ ನವೆಂಬರ್‌ನಲ್ಲಿ ದುಬೈನಲ್ಲಿರುವ ನಾದಿನಿಯ ಬಾಣಂತನಕ್ಕೆ ಅತ್ತೆ ಹೊರಟಿದ್ದರು, ಜೊತೆಗೆ ನಾನು. ಟಿಕೆಟ್, ವೀಸಾ ಎಲ್ಲಾ ನಮ್ಮ ಯಜಮಾನರ ಪಾಲು. ಬ್ಯಾಗು ತುಂಬೋದು ನಮ್ಮ ಪಾಲು. ಅಂಟಿನುಂಡೆ, ಮೆಂತ್ಯದ ಹಿಟ್ಟು, ಸಾರಿನ ಪುಡಿ, ಹಪ್ಪಳ, ಇವುಗಳ ಮಧ್ಯೆ ಅರ್ಧ ಕೆಜಿ ಗಸಗಸೆ. ಬಾಣಂತಿಗೆ ಗಸಗಸೆ ಪಾಯಸ ಕೊಟ್ಟರೆ ಚೆನ್ನಾಗಿ ನಿದ್ದೆ ಬರುತ್ತೆ ಅಂತ ಅತ್ತೆಯ ಲೆಕ್ಕ. ಹಿಂದಿನ ರಾತ್ರಿ ಬ್ಯಾಗಿನ ತೂಕ ನೋಡುತ್ತಿದ್ದಾಗ ಪಕ್ಕದ ಮನೆಯಾಕೆ ಬಂದರು. ಶಾರ್ಜಾದಲ್ಲಿ ಹತ್ತು ವರ್ಷ ಇದ್ದು ಬಂದವರು. ಪೊಟ್ಟಣ ನೋಡಿದವರೇ, "ಅಯ್ಯೋ, ಮೊದಲು ಇದನ್ನ ತೆಗೀರಿ!" ಅಂದರು.

ಗಸಗಸೆ ಅಫೀಮು ಗಿಡದ ಬೀಜ. ನಮ್ಮಲ್ಲಿ ದಿನಸಿ ಅಂಗಡಿಯಲ್ಲಿ ಸಿಗುವ ಈ ವಸ್ತುವಿಗೆ ಯುಎಇಯಲ್ಲಿ ನಿಷೇಧವಿದೆ. ಸಿಕ್ಕಿಬಿದ್ದರೆ ಕಸದ ಬುಟ್ಟಿಗೆ ಹಾಕಿ ಬಿಟ್ಟುಬಿಡುತ್ತಾರೆ ಅಂದುಕೊಳ್ಳಬೇಡಿ, ಜೈಲೂ ಆಗಬಹುದು. ಗೊತ್ತಿರಲಿಲ್ಲ ಅಂದರೆ ಕೇಳೋರಿಲ್ಲ. ನೀವು ಮನೆಯಲ್ಲಿ ಕುಟ್ಟಿದ ಮಸಾಲೆ ಪುಡಿಗೆ ಗಸಗಸೆ ಹಾಕಿದ್ದೀರಾ, ಅದನ್ನೂ ನೆನಪು ಮಾಡಿಕೊಳ್ಳಿ. ಬಾಣಂತಿಗೆ ಅಂತ ಎಳೆ ವೀಳ್ಯದೆಲೆ ಕಟ್ಟಿಕೊಂಡು ಹೋಗೋರಿದ್ದಾರೆ. ದುಬೈ ಕಸ್ಟಮ್ಸ್‌ನವರ ನಿಷೇಧದ ಪಟ್ಟಿಯಲ್ಲಿ ಅದೂ ಇದೆ.

ನನಗೆ ಸಿಟ್ಟು ಬಂದಿದ್ದು ಗಸಗಸೆ ಮೇಲಲ್ಲ. ಟಿಕೆಟ್ ಮಾಡಿಸಿದವರು ಬ್ಯಾಗಿನೊಳಗೆ ಏನಿದೆ ಅಂತ ಕೇಳಲಿಲ್ಲ. ಬ್ಯಾಗು ತುಂಬಿದ ನಾವು ಅಲ್ಲಿನ ಕಾನೂನು ಏನು ಅಂತ ಕೇಳಲಿಲ್ಲ. ಆದರೆ ಕಸ್ಟಮ್ಸ್‌ನಲ್ಲಿ ನಿಲ್ಲಬೇಕಾಗಿದ್ದು ಅರವತ್ತೆಂಟು ವರ್ಷದ ಅತ್ತೆ! ಪ್ರಯಾಣದ ಕಾಗದ ಪತ್ರ ಗಂಡಸರ ಕೆಲಸ ಅಂತ ನಾವು ಸುಮ್ಮನಿರೋದು ಯಾಕೆ ಹೇಳಿ?

ಅತ್ತೆಯ ಮಾತ್ರೆಗಳ ಕಥೆಯೂ ಇಂಥದ್ದೇ. ಬಿಪಿ, ಶುಗರ್, ಮಂಡಿನೋವಿನ ಮಾತ್ರೆಗಳನ್ನೆಲ್ಲ ಬಿಡಿಸಿ ಒಂದು ಡಬ್ಬಿಗೆ ಹಾಕಿಟ್ಟಿದ್ದರು. ಹಾಗೆ ಮಾಡಬೇಡಿ. ಸ್ಟ್ರಿಪ್ ಸಮೇತ, ಡಾಕ್ಟರ ಚೀಟಿ ಜೊತೆ, ಕೈಚೀಲದಲ್ಲೇ ಇರಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನಿದ್ದೆ ಮಾತ್ರೆ ಇಂಥವಕ್ಕೆ ಅಲ್ಲಿನ ಸರ್ಕಾರದ ಅನುಮತಿ ಮೊದಲೇ ಪಡೆಯಬೇಕಾಗುತ್ತದೆ. ಹೊರಡುವ ಮುಂಚೆ ಡಾಕ್ಟರನ್ನೇ ಕೇಳಿಬಿಡಿ.

ಇನ್ನು ಹೆಸರು. ನಮ್ಮ ಕಡೆ ಹಿರಿಯ ಹೆಂಗಸರ ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ನವೆಂಬರ್ 2022ರಲ್ಲಿ ಯುಎಇ ಒಂದೇ ಹೆಸರಿನವರಿಗೆ ಭೇಟಿ ವೀಸಾದಲ್ಲಿ ಪ್ರವೇಶ ಇಲ್ಲ ಅಂದಿತು. ಆಮೇಲೆ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪಿಕೊಳ್ಳುವುದಾಗಿ ಸಡಿಲಿಸಿತು. ಟಿಕೆಟ್‌ಗೆ ದುಡ್ಡು ಕಟ್ಟುವ ಮುಂಚೆ ಈ ಪುಟಗಳನ್ನು ನೀವೇ ತೆರೆದು ನೋಡಿ. ಅವಧಿ ಮುಗಿಯಲು ಆರು ತಿಂಗಳಾದರೂ ಬಾಕಿ ಇರಬೇಕು. ವಿಮಾನದಲ್ಲಿ ಕೂರುವುದು ನಾಲ್ಕು ಗಂಟೆಯಷ್ಟೇ. ಆದರೆ ಮನೆಯಿಂದ ಮನೆಗೆ ನಮಗೆ ಹನ್ನೆರಡು ಗಂಟೆ ಹಿಡಿಯಿತು. ಹಿರಿಯರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿ. ನಾಚಿಕೆ ಪಡುವ ವಿಷಯವೇ ಅಲ್ಲ.

ಅಷ್ಟಕ್ಕೂ ಅಡುಗೆಮನೆಯನ್ನೇ ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ. ಕರಾಮಾದಲ್ಲಿ ಕರಿಬೇವು, ನುಗ್ಗೆಕಾಯಿ, ಇಡ್ಲಿ ಅಕ್ಕಿ ಎಲ್ಲಾ ಸಿಗುತ್ತೆ. ಆ ತೂಕದಲ್ಲಿ ನಿಮ್ಮದೇ ಒಂದೆರಡು ಒಳ್ಳೆ ಸೀರೆ ಇಟ್ಟುಕೊಳ್ಳಿ.

ಸುತ್ತಾಡೋದಾದರೆ ನವೆಂಬರ್‌ನಿಂದ ಮಾರ್ಚ್ ಒಳ್ಳೆ ಸಮಯ. ಜೂನ್‌ನಿಂದ ಸೆಪ್ಟೆಂಬರ್ ತನಕ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಮಾಲ್ ಬಿಟ್ಟು ಹೊರಗೆ ಬರೋಕಾಗಲ್ಲ. 828 ಮೀಟರಿನ ಬುರ್ಜ್ ಖಲೀಫಾ ನೋಡಿ, ಬೇಡ ಅನ್ನಲ್ಲ. ನನಗೆ ಮಾತ್ರ ಇಷ್ಟವಾಗಿದ್ದು ಒಂದು ದಿರ್ಹಮ್ ಕೊಟ್ಟು ಮರದ ದೋಣಿಯಲ್ಲಿ ಕ್ರೀಕ್ ದಾಟಿದ್ದು. ಮೆಟ್ರೋದಲ್ಲಿ ಹೆಂಗಸರಿಗೆ ಬೇರೆ ಡಬ್ಬಿಯಿದೆ, ನಾವಿಬ್ಬರೇ ಧೈರ್ಯವಾಗಿ ಓಡಾಡಿದೆವು. ಚಿನ್ನದ ವಿಷಯದಲ್ಲಿ ಹುಷಾರು. 40 ಗ್ರಾಂ ಒಡವೆಗೆ ಸುಂಕವಿಲ್ಲ ಅನ್ನೋದು ವರ್ಷಕ್ಕಿಂತ ಹೆಚ್ಚು ಅಲ್ಲೇ ಇದ್ದು ಬರುವ ಹೆಂಗಸರಿಗೆ, ನಮ್ಮಂತೆ ಹೋಗಿ ಬರೋರಿಗಲ್ಲ.

ನಾದಿನಿಗೆ ಅತ್ತೆ ಬಾದಾಮಿ ಪಾಯಸ ಮಾಡಿಕೊಟ್ಟರು. ಕೂಸು ರಾತ್ರಿಯಿಡೀ ಅಳುತ್ತಿತ್ತು, ನಿದ್ದೆ ಯಾರಿಗೂ ಬರಲಿಲ್ಲ. ಆ ಅರ್ಧ ಕೆಜಿ ಗಸಗಸೆ ಪಕ್ಕದ ಮನೆಯಾಕೆಗೇ ಹೋಯಿತು.